ಬಿತ್ತನೆ ಬೀಜ ಮೊದಲು, ಊಟ ಆಮೇಲೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಹಾಗೂ ಮಹಿಳೆಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ "ಚಿಕ್ಕ ಮಕ್ಕಳಿರುವ ಸಂಸಾರದಲ್ಲಿ ಮಿತವ್ಯಯ ಮತ್ತು ಉಳಿತಾಯ" ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಆಡಳಿತ ಮಂಡಳಿಯವರು ನಮಗೆ ವಹಿಸಿದ್ದಾರೆ. ನಾವು ಓದಿದ್ದು ಎಸ್ಸೆಸ್ಸೆಲ್ಸಿ. ಅರ್ಥಶಾಸ್ತ್ರ ಗೊತ್ತಿಲ್ಲ. ಗೊತ್ತಿರೋದು ಗದ್ದೆ, ಮನೆ, ಈ ಸಂಘದ ಕೌಂಟರಿಗೆ ಬಂದು ಹೋಗುವ ನಿಮ್ಮ ಮುಖಗಳು, ಇಷ್ಟೇ. ಅದರಿಂದ ಕಂಡುಕೊಂಡದ್ದನ್ನು ಹೇಳುತ್ತೇವೆ. ಸರಿ ಕಂಡರೆ ತಗೊಳ್ಳಿ, ಇಲ್ಲದಿದ್ದರೆ ಇಲ್ಲೇ ಬಿಟ್ಟು ಹೋಗ್ರಿ.

ನಮ್ಮ ಆದಾಯದ ರೀತಿಯೇ ಬೇರೆ

ಉಳಿತಾಯದ ಬಗ್ಗೆ ಪೇಟೆಯವರು ಹೇಳುವ ಬುದ್ಧಿಮಾತುಗಳಲ್ಲಿ ಒಂದು ತೊಡಕಿದೆ. ಅವರು "ತಿಂಗಳ ಸಂಬಳ ಬಂದ ಕೂಡಲೇ ಇಷ್ಟು ತೆಗೆದಿಡಿ" ಅಂತಾರೆ. ದಾವಣಗೆರೆಯಲ್ಲಿ ಕಚೇರಿ ಕೆಲಸ ಮಾಡೋರಿಗೆ, ಹರಿಹರದ ಆಚೆ ದಂಡೆಯ ಕುಮಾರಪಟ್ಟಣಂ ಕಾರ್ಖಾನೆಗೆ ಹೋಗೋರಿಗೆ ಅದು ಸರಿ. ನಮಗೆಲ್ಲಿದೆ ತಿಂಗಳ ಸಂಬಳ? ಭದ್ರಾ ನಾಲೆ ನೀರು ಕಂಡ ಗದ್ದೆಯವರಿಗೆ ವರ್ಷಕ್ಕೆ ಎರಡು ಸಲ ಭತ್ತದ ದುಡ್ಡು. ಖುಷ್ಕಿ ಜಮೀನಿನವರಿಗೆ ಒಂದೇ ಸಲ ಮೆಕ್ಕೆಜೋಳದ ದುಡ್ಡು. ಕೂಲಿ ಮಾಡೋರಿಗೆ ಕೆಲಸ ಇದ್ದ ದಿನ ಉಂಟು, ಇಲ್ಲದ ದಿನ ಇಲ್ಲ.

ಅದರಲ್ಲೂ ನಾವು ನಾಲೆಯ ಕೊನೆಭಾಗದವರು. ಲಕ್ಕವಳ್ಳಿಯಲ್ಲಿ ಅಣೆಕಟ್ಟು 186 ಅಡಿ ತುಂಬಿತೋ ಇಲ್ಲವೋ ಎಂಬುದರ ಮೇಲೆ ನಮ್ಮ ಮನೆಯ ಮದುವೆ, ಮಕ್ಕಳ ಫೀಜು, ಹೊಸ ಬಟ್ಟೆ ಎಲ್ಲಾ ನಿಂತಿವೆ. 2023ರ ಬರಗಾಲ ಇನ್ನೂ ಯಾರೂ ಮರೆತಿಲ್ಲ. ಅಣೆಕಟ್ಟು ತುಂಬಲಿಲ್ಲ, 2024ರ ಬೇಸಿಗೆ ಭತ್ತಕ್ಕೆ ನೀರು ಸಿಗಲಿಲ್ಲ. ಎರಡು ಬೆಳೆ ಅಂತ ನಂಬಿ ಸಂಸಾರ ಹೂಡಿದ್ದವರು ಒಂದೇ ಬೆಳೆಯಲ್ಲಿ ವರ್ಷ ದಾಟಬೇಕಾಯಿತು.

ಆದ್ದರಿಂದ ಸುಗ್ಗಿಯ ದುಡ್ಡು ಕೈಗೆ ಬಂದ ದಿನ ಒಂದು ಭಾಗಾಕಾರ ಮಾಡಬೇಕು. ಉದಾಹರಣೆಗೆ, ಗೊಬ್ಬರದ ಬಾಕಿ, ಬೆಳೆ ಸಾಲ, ಕಟಾವು ಯಂತ್ರದ ಬಾಡಿಗೆ ಎಲ್ಲಾ ಕಳೆದು 90 ಸಾವಿರ ರೂಪಾಯಿ ಉಳಿಯಿತು ಎಂದಿಟ್ಟುಕೊಳ್ಳಿ. ಮೊದಲು ಹತ್ತರಲ್ಲಿ ಒಂದು ಪಾಲು, ಅಂದರೆ 9 ಸಾವಿರ, ಬದಿಗೆ ತೆಗೆದಿಡಿ. ಉಳಿದದ್ದು 81 ಸಾವಿರ. "ಆರು ತಿಂಗಳಿಗೆ ಮತ್ತೆ ಬೆಳೆ ಬರುತ್ತಲ್ಲ" ಎಂದು ಆರರಿಂದ ಭಾಗಿಸಿದವರು ತಿಂಗಳಿಗೆ 13,500 ಖರ್ಚು ಮಾಡುತ್ತಾರೆ. ನೀರು ಬರದಿದ್ದರೆ ಏಳನೇ ತಿಂಗಳಿಗೆ ಕೈ ಖಾಲಿ. ಹನ್ನೆರಡರಿಂದ ಭಾಗಿಸಿದವರಿಗೆ ತಿಂಗಳಿಗೆ 6,750. ಕಡಿಮೆ ಅನ್ನಿಸುತ್ತೆ, ನಿಜ. ಆದರೆ ಹಾಲಿನ ಡೇರಿಯ ಬಟವಾಡೆ ಸೇರಿದರೆ ಮನೆ ನಡೆಯುತ್ತೆ. ಎರಡನೇ ಬೆಳೆ ಬಂದರೆ ಅದು ಲಾಭ. ಬರದಿದ್ದರೆ ಯಾರ ಮನೆ ಬಾಗಿಲಿಗೂ ಹೋಗಬೇಕಾಗಿಲ್ಲ. ಕೊನೆಭಾಗದ ರೈತರು ಯಾವತ್ತೂ ಹನ್ನೆರಡರಿಂದಲೇ ಭಾಗಿಸಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹಗೇವು ತೋಡಿದವರ ಬುದ್ಧಿ

ಇದು ನಾವು ಹೊಸದಾಗಿ ಕಂಡುಹಿಡಿದದ್ದಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಸೀಮೆಯಲ್ಲಿ ಹಗೇವು ಇರುತ್ತಿದ್ದವು. ಈಗಿನ ಮಕ್ಕಳಿಗೆ ಆ ಪದವೇ ಗೊತ್ತಿಲ್ಲ. ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹೊಂದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬೇಕೆಂದಾಗ ತೆಗೆಯೋ ಹಾಗಿರಲಿಲ್ಲ. ತೆಗೆದರೂ ಕೂಡಲೇ ಒಳಗೆ ಇಳಿಯೋ ಹಾಗಿರಲಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುವ ಭಯ. ದೀಪ ಇಳಿಸಿ ನೋಡಿ, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಇಷ್ಟು ಕಷ್ಟವಿದ್ದದ್ದರಿಂದಲೇ ಕಾಳು ಉಳಿಯುತ್ತಿತ್ತು. ನಿಜವಾದ ಹಸಿವಿಗಷ್ಟೇ ಹಗೇವಿನ ಬಾಯಿ ತೆಗೆಯುತ್ತಿದ್ದರು.

ಈಗ ದುಡ್ಡು ಜೇಬಿನಲ್ಲಿದೆ, ಇಲ್ಲವೇ ಮೊಬೈಲಿನಲ್ಲಿದೆ. ಬೆರಳು ಒತ್ತಿದರೆ ಹೋಗುತ್ತೆ. ಅದಕ್ಕೇ ಉಳಿಯೋದಿಲ್ಲ. ಸುಲಭವಾಗಿ ತೆಗೆಯಲಾಗದ ಜಾಗದಲ್ಲಿ ದುಡ್ಡು ಇಡುವುದೇ ಉಳಿತಾಯದ ಅರ್ಧ ಕೆಲಸ.

ಹಿರಿಯರ ಇನ್ನೊಂದು ನಿಯಮ ಇದಕ್ಕಿಂತ ದೊಡ್ಡದು. ರಾಶಿ ಮಾಡಿದ ಕಣದಲ್ಲೇ ಬಿತ್ತನೆ ಬೀಜ ಬೇರೆ ತೆಗೆಯುತ್ತಿದ್ದರು. ಒಳ್ಳೆ ತೆನೆ ಆರಿಸಿ ಕಟ್ಟಿ ತೂಗುಹಾಕಿದ ಮೇಲೆ ಉಳಿದದ್ದು ಮನೆಗೆ. "ಉಂಡು ಉಳಿದರೆ ಬೀಜಕ್ಕಿಡೋಣ" ಅಂದಿದ್ದರೆ ನಾವ್ಯಾರೂ ಇವತ್ತು ಇಲ್ಲಿ ಕೂತಿರುತ್ತಿರಲಿಲ್ಲ. ದುಡ್ಡಿಗೂ ಅದೇ ಕಾಯ್ದೆ. ಖರ್ಚು ಮಾಡಿ ಉಳಿದರೆ ಇಡೋಣ ಅಂದರೆ ಯಾವತ್ತೂ ಉಳಿಯೋದಿಲ್ಲ. ಮೊದಲು ಇಟ್ಟು, ಉಳಿದದ್ದರಲ್ಲಿ ಸಂಸಾರ ಮಾಡಬೇಕು. ಮಕ್ಕಳು ನಮ್ಮ ಮುಂದಿನ ಬೆಳೆ ಕಣ್ರಿ. ಅವರ ಪಾಲು ಬಿತ್ತನೆ ಬೀಜ ಇದ್ದ ಹಾಗೆ. ಊಟಕ್ಕೆ ಮುಂಚೆ ಅದು ಬೇರೆ ಹೋಗಬೇಕು.

ಒಂದು ನೋಟ್ ಪುಸ್ತಕ

ಮುಂದಿನ ಮಾತು ಲೆಕ್ಕದ್ದು. ಜಪಾನ್ ದೇಶದಲ್ಲಿ ಹನಿ ಮೊಟೊಕೊ ಎಂಬ ಪತ್ರಕರ್ತೆ 1904ರಲ್ಲಿ ಗೃಹಿಣಿಯರಿಗಾಗಿ ಮನೆಲೆಕ್ಕದ ಪುಸ್ತಕವನ್ನು ಅಚ್ಚು ಮಾಡಿಸಿದರು. ಬಂದದ್ದೆಷ್ಟು, ಹೋದದ್ದೆಷ್ಟು, ಯಾವುದಕ್ಕೆ ಹೋಯಿತು ಎಂದು ದಿನಾ ಬರೆಯುವುದು. ಅದನ್ನು ಅಲ್ಲಿ ಕಾಕೇಬೋ ಅಂತಾರೆ. ನೂರು ವರ್ಷ ದಾಟಿದರೂ ಅಲ್ಲಿನ ಮನೆಗಳಲ್ಲಿ ಆ ರೂಢಿ ಉಳಿದಿದೆ. ಅವರು ಬರೆಯಬಹುದಾದರೆ ನಾವು ಬರೆಯಲು ಏನಡ್ಡಿ? ಹರಿಹರದ ಅಂಗಡಿಯಲ್ಲಿ ಒಂದು ನೋಟ್ ಪುಸ್ತಕ, ಒಂದು ಪೆನ್ನು ತಂದರೆ ಸಾಕು.

"ನಮಗೆ ಓದು-ಬರಹ ಬರಲ್ಲ" ಅನ್ನುವ ತಾಯಂದಿರಿಗೆ ಒಂದು ಉಪಾಯ ಹೇಳುತ್ತೇವೆ. ಮನೆಯಲ್ಲಿ ನಾಲ್ಕನೇ ಕ್ಲಾಸಿನ ಮಗುವಿದ್ದರೆ ಅದೇ ನಿಮ್ಮ ಗುಮಾಸ್ತ. ರಾತ್ರಿ ಊಟವಾದ ಮೇಲೆ ನೀವು ಹೇಳಿ, ಮಗು ಬರೆಯಲಿ. "ಎಣ್ಣೆಗೆ ಇಷ್ಟು, ಬಸ್ಸಿಗೆ ಇಷ್ಟು, ಅಪ್ಪನ ಗುಟ್ಕಾಕ್ಕೆ ಇಷ್ಟು." ನಗಬೇಡ್ರಿ! ಮಗ ತನ್ನ ಕೈಯಲ್ಲೇ ಅಪ್ಪನ ಗುಟ್ಕಾದ ಲೆಕ್ಕ ಬರೆಯಲು ಶುರು ಮಾಡಿದರೆ ಎಷ್ಟೋ ಅಪ್ಪಂದಿರು ತಾವೇ ಬಿಡುತ್ತಾರೆ. ಮಗುವಿಗೆ ಕೂಡುವುದು-ಕಳೆಯುವುದು ಬರುತ್ತೆ, ಮನೆಯ ಕಷ್ಟವೂ ತಿಳಿಯುತ್ತೆ.

ನಮ್ಮ ಮನೆಯಲ್ಲೂ ಹೀಗೆ ಬರೆಯುತ್ತೇವೆ. ಹೆಚ್ಚೇನಿಲ್ಲ, ದಿನಕ್ಕೆ ಹತ್ತು ನಿಮಿಷದ ಕೆಲಸ. ತಿಂಗಳ ಕೊನೆಯಲ್ಲಿ ಗಂಡ-ಹೆಂಡತಿ ಇಬ್ಬರೂ ಕೂತು ಓದಬೇಕು. ಗಂಡಸೊಬ್ಬನೇ ಲೆಕ್ಕ ಇಟ್ಟುಕೊಂಡರೆ ಅದು ಸಂಸಾರದ ಲೆಕ್ಕ ಆಗೋದಿಲ್ಲ.

ಕೊಡ ಸೋರುವ ಮೂರು ತೂತು

ಲೆಕ್ಕ ಬರೆದವರಿಗೆ ದುಡ್ಡು ಎಲ್ಲಿ ಸೋರುತ್ತದೆಂದು ತಾನೇ ಕಾಣುತ್ತದೆ. ನಮಗೆ ಕಂಡದ್ದು ಮೂರು ತೂತು.

ಮೊದಲನೆಯದು ಚಿಲ್ಲರೆ. ಎರಡು ಮಕ್ಕಳಿಗೆ ದಿನಾ ತಲಾ ಹತ್ತು ರೂಪಾಯಿಯ ಪ್ಯಾಕೆಟ್ ತಿಂಡಿ ಅಂದರೆ ದಿನಕ್ಕೆ 20, ತಿಂಗಳಿಗೆ 600, ವರ್ಷಕ್ಕೆ 7,200. ಅಪ್ಪನ ಗುಟ್ಕಾ ದಿನಕ್ಕೆ 50 ಅಂದರೆ ತಿಂಗಳಿಗೆ 1,500, ವರ್ಷಕ್ಕೆ 18 ಸಾವಿರ. ಎರಡೂ ಸೇರಿ 25,200 ರೂಪಾಯಿ. "ನಮ್ಮಲ್ಲಿ ಉಳಿಸೋಕೆ ಏನೂ ಇಲ್ಲ" ಅನ್ನುವ ಮನೆಯಲ್ಲೇ ಈ ದುಡ್ಡು ಹೋಗುತ್ತಿರುತ್ತದೆ. ದಾವಣಗೆರೆ ಮಂಡಕ್ಕಿ ಭಟ್ಟಿಗಳಿಗೆ ಹೆಸರಾದ ಊರು. ಒಗ್ಗರಣೆ ಮಂಡಕ್ಕಿ, ಹುರಿದ ಶೇಂಗಾ, ಬೆಲ್ಲ ಇವು ಮಕ್ಕಳಿಗೆ ಸಾಲದೇ? ರುಚಿಯೂ ಆಯಿತು, ಹೊಟ್ಟೆಯೂ ತುಂಬಿತು.

ಹಾಗಂತ ಬಾಯಿ ಕಟ್ಟಿ ಬದುಕಿ ಅಂತ ನಾವು ಹೇಳುತ್ತಿಲ್ಲ. ದಾವಣಗೆರೆಗೆ ಹೋದ ಗಂಡಸರು ಬೆಣ್ಣೆದೋಸೆ ತಿನ್ನದೆ ಬರೋದು ಕಷ್ಟ, ನಮಗೂ ಗೊತ್ತು. ಆದರೆ ವಾರಕ್ಕೆರಡು ಸಲ ಒಬ್ಬರೇ ತಿಂದು ಬಾಯಿ ಒರೆಸಿಕೊಂಡು ಬರುವ ಬದಲು, ತಿಂಗಳಿಗೊಂದು ಸಲ ಹೆಂಡತಿ-ಮಕ್ಕಳನ್ನು ಕರೆದುಕೊಂಡು ಹೋಗಿ ತಿನ್ನಿಸಿ. ದುಡ್ಡು ಅಷ್ಟೇ ಆಗುತ್ತೆ, ಮಕ್ಕಳು ಅದನ್ನು ವರ್ಷಗಟ್ಟಲೆ ನೆನೆಯುತ್ತಾರೆ.

ಎರಡನೆಯ ತೂತು ಹಬ್ಬ ಮತ್ತು ಕಾರ್ಯಗಳು. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಹಳ್ಳಿಗಳಲ್ಲಿ ಊರಮ್ಮನ ಹಬ್ಬ ಮೂರು ವರ್ಷಕ್ಕೋ ಐದು ವರ್ಷಕ್ಕೋ. ಬೀಗರು ಬರಬೇಕು, ಅಡುಗೆ ಆಗಬೇಕು, ಹೆಣ್ಮಕ್ಕಳಿಗೆ ಸೀರೆ ಕೊಡಬೇಕು. ದೇವರ ಕೆಲಸ ಬೇಡ ಅನ್ನೋದಕ್ಕೆ ನಾವ್ಯಾರು? ಆದರೆ ಒಂದು ಯೋಚನೆ ಮಾಡಿ. ಮಳೆ ಹೇಳದೆ ಕೇಳದೆ ಬರಬಹುದು, ಜಾತ್ರೆ ಹಾಗೆ ಬರೋದಿಲ್ಲ. ಎರಡು ವರ್ಷ ಮುಂಚೆಯೇ ಗೊತ್ತು. ಆದರೂ ಹಬ್ಬ ಹದಿನೈದು ದಿನ ಇದೆ ಅಂದಾಗ ಸಾಲಕ್ಕೆ ಓಡುತ್ತೇವೆ.

ಒಂದು ಮನೆಗೆ ಹಬ್ಬಕ್ಕೆ 48 ಸಾವಿರ ಬೇಕು ಅಂತ ಇಟ್ಟುಕೊಳ್ಳೋಣ. ಮುಂಚಿನಿಂದ ಕೂಡಿಟ್ಟರೆ 24 ತಿಂಗಳು, ತಿಂಗಳಿಗೆ 2 ಸಾವಿರ. ಅದೇ ದುಡ್ಡನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 1,440 ಬರೀ ಬಡ್ಡಿ. ಮುಂದಿನ ಜಾತ್ರೆ ಬರುವ ಹೊತ್ತಿಗೆ 34,560 ರೂಪಾಯಿ ಬಡ್ಡಿ ಕಟ್ಟಿರುತ್ತೀರಿ, 48 ಸಾವಿರ ಅಸಲು ಹಾಗೇ ನಿಂತಿರುತ್ತೆ. ಮೇಲೆ ಹೊಸ ಹಬ್ಬಕ್ಕೆ ಹೊಸ ಸಾಲ. ತಿಂಗಳಿಗೆ 2 ಸಾವಿರ ಕೂಡಿಡೋಕೆ ಆಗದಿದ್ದರೆ ಸಾವಿರ ಕೂಡಿಡಿ, 24 ಸಾವಿರದಲ್ಲಿ ಹಬ್ಬ ಮಾಡಿ. ಅಮ್ಮನವರು ಬಾಳೆಎಲೆ ಎಣಿಸೋದಿಲ್ಲ.

ನಮ್ಮ ಮನೆಯದೇ ಒಂದು ಸಂಗತಿ. 2024ರ ಬೇಸಿಗೆಯಲ್ಲಿ, ನೀರಿಲ್ಲದ ಆ ವರ್ಷ, ನಮ್ಮ ಕಿರಿಯ ಮಗುವಿನ ಜವಳ ತೆಗೆಯಬೇಕಾಗಿತ್ತು. ದೊಡ್ಡದಾಗಿ ಪೆಂಡಾಲು ಹಾಕಿ ಊರೂಟ ಹಾಕಬೇಕೆಂದು ಹಿರಿಯರ ಆಸೆ. ಗದ್ದೆ ಬೀಳು ಬಿದ್ದಿದೆ, ಈ ಸಲ ಮನೆದೇವರ ಸನ್ನಿಧಿಯಲ್ಲಿ ಹದಿನೈದು ಜನರೊಳಗೆ ಮುಗಿಸೋಣ ಅಂದೆವು. ಮನೆಯಲ್ಲಿ ದೊಡ್ಡ ಮಾತೇ ಆಯಿತು. ನಮ್ಮ ತಂದೆಯವರಿಗೆ ಬೇಸರವಾಗಿ ಕೆಲವು ದಿನ ಸರಿಯಾಗಿ ಮಾತಾಡಲಿಲ್ಲ. ಹದಿನೈದು ಜನರೊಳಗೇ ಮುಗಿಯಿತು. ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗ ಮಕ್ಕಳ ಪುಸ್ತಕ-ಬಟ್ಟೆಗೆ ಕೈಯಲ್ಲಿ ದುಡ್ಡಿತ್ತು, ಮುಂಗಾರಿಗೆ ಗೊಬ್ಬರ ಉದ್ರಿ ತರಬೇಕಾಗಲಿಲ್ಲ. ಆಗ ತಂದೆಯವರು ಜಗಲಿ ಮೇಲೆ ಕೂತು "ಊಟ ಚಿಕ್ಕದಾತು, ಸಾಲ ಆಗಲಿಲ್ಲ ಬಿಡು" ಅಂದರು. ಒಂದಿಬ್ಬರು ನೆಂಟರು ಈಗಲೂ ಆ ಊಟದ ಮಾತು ಎತ್ತುತ್ತಾರೆ. ಎತ್ತಲಿ. ಮಿತವ್ಯಯ ಅಂದರೆ ನಾಲ್ಕು ಜನರ ಮಾತನ್ನು ಕೇಳಿಸಿಕೊಳ್ಳುವ ಗಟ್ಟಿತನವೂ ಬೇಕು.

ಮೂರನೆಯ ತೂತು ಬಡ್ಡಿ. ಇದು ಎಲ್ಲಕ್ಕಿಂತ ದೊಡ್ಡದು. ನೂರಕ್ಕೆ ಮೂರು ರೂಪಾಯಿ ಅಂದರೆ ಕಿವಿಗೆ ಸಣ್ಣದಾಗಿ ಕೇಳುತ್ತೆ. ವರ್ಷಕ್ಕೆ ನೂರಕ್ಕೆ 36! ಹತ್ತು ಸಾವಿರ ತಂದವರು ಮೂರು ವರ್ಷದೊಳಗೇ ಹತ್ತು ಸಾವಿರ ಬಡ್ಡಿ ಕಟ್ಟಿ, ಮತ್ತೆ ಹತ್ತು ಸಾವಿರಕ್ಕೆ ಬಾಕಿದಾರರಾಗಿಯೇ ಇರುತ್ತಾರೆ.

ಮಗುವಿನ ಬಾಯಲ್ಲಿ ಸುಳ್ಳು ಹೇಳಿಸುವ ಸಾಲ

ನಮ್ಮ ಸಂಘದ ಸದಸ್ಯೆಯೊಬ್ಬರು, ಹೆಸರು ಬೇಡ, ವಾರದ ಕಂತಿನ ಸಾಲವನ್ನು ಒಂದಲ್ಲ, ಮೂರು ಕಡೆ ಮಾಡಿದ್ದರು. ಒಂದನ್ನು ತೀರಿಸೋಕೆ ಇನ್ನೊಂದು. ವಸೂಲಿಯವರು ಬರುವ ದಿನ ಆ ತಾಯಿ ಪಕ್ಕದ ಮನೆಯ ಹಿತ್ತಲಿಗೆ ಹೋಗಿ ಕೂರುತ್ತಿದ್ದರು. ಬಾಗಿಲಲ್ಲಿ ನಿಂತ ಏಳು ವರ್ಷದ ಮಗಳು "ಅವ್ವ ಇಲ್ಲ, ಊರಿಗೆ ಹೋಗ್ಯಾಳೆ" ಅನ್ನಬೇಕು. ಹೇಳಿಕೊಟ್ಟದ್ದೂ ಅವ್ವನೇ. ಅದನ್ನು ನಮ್ಮ ಹತ್ತಿರ ಹೇಳುವಾಗ ಆ ತಾಯಿಗೆ ದುಡ್ಡಿಗಿಂತ ಹೆಚ್ಚು ಸಂಕಟವಾದದ್ದು ಮಗಳು ಈಗ ಸುಳ್ಳನ್ನು ಸಲೀಸಾಗಿ ಹೇಳುತ್ತಾಳಲ್ಲ ಎಂಬುದಕ್ಕೆ.

ಆಗ ಮಾಡಿದ್ದು ದೊಡ್ಡ ಪವಾಡವೇನಲ್ಲ. ಒಂದು ಹಾಳೆಯ ಮೇಲೆ ಎಲ್ಲಾ ಸಾಲಗಳನ್ನೂ ಬರೆಸಿದೆವು: ಯಾರಿಗೆ, ಎಷ್ಟು, ಬಡ್ಡಿ ಏನು. ಗಂಡನನ್ನೂ ಕೂರಿಸಿದೆವು, ಆತನಿಗೆ ಒಂದು ಸಾಲದ ವಿಷಯ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಹೊಸ ಸಾಲ ಪೂರ್ತಿ ನಿಲ್ಲಿಸಿ, ಉಳಿದವರಿಗೆ ಕಂತು ತಪ್ಪದ ಹಾಗೆ ಕಟ್ಟುತ್ತಾ, ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸುವುದು ಎಂದಾಯಿತು. ಮನೆಯ ಒಂದು ಎಮ್ಮೆ ಮಾರಬೇಕಾಯಿತು. ಪೂರ್ತಿ ಹೊರಬರಲು ಎರಡು ವರ್ಷ ಹಿಡಿಯಿತು. ಇವತ್ತು ಆ ತಾಯಿ ಈ ಸಭೆಯಲ್ಲಿ ಎಲ್ಲರ ಮಧ್ಯೆ ಕೂತಿದ್ದಾರೆ, ಹಿತ್ತಲಲ್ಲಿ ಅಲ್ಲ.

ಇಂಥ ಕಿರುಕುಳ ನಮ್ಮ ರಾಜ್ಯದಲ್ಲಿ ಎಷ್ಟು ಹೆಚ್ಚಿತೆಂದರೆ, ಸಾಲ ವಸೂಲಿಯಲ್ಲಿ ದೌರ್ಜನ್ಯ ತಡೆಯಲು 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಆಮೇಲೆ ಅದನ್ನು ಕಾನೂನು ಮಾಡಿತು. ಹಾಗೆಯೇ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿತು. ಯಾರಾದರೂ ಹೆದರಿಸಿದರೆ ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ. ಆದರೆ ಕಾನೂನು ವಸೂಲಿಯವರ ಕೈ ಹಿಡಿಯಬಹುದು, ಸಾಲ ಮಾಡುವ ನಮ್ಮ ಕೈಯನ್ನು ನಾವೇ ಹಿಡಿಯಬೇಕು.

ಇಲ್ಲೇ ಬೆಳೆ ಸಾಲದ ಮಾತನ್ನೂ ಹೇಳಿಬಿಡುತ್ತೇವೆ. ಸಹಕಾರ ಸಂಘಗಳ ಮೂಲಕ ಶೂನ್ಯ ಬಡ್ಡಿಯಲ್ಲಿ ಕೊಡುವ ಅಲ್ಪಾವಧಿ ಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಶೂನ್ಯ ಬಡ್ಡಿ ಸಿಗೋದು ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ಗೊಬ್ಬರಕ್ಕೆ ತಂದ ದುಡ್ಡನ್ನು ಮದುವೆಗೆ ಹಾಕಿದರೆ, ಬೆಳೆಯೂ ಸೊರಗುತ್ತೆ, ವಾಯಿದೆಯೂ ತಪ್ಪುತ್ತೆ, ಬಡ್ಡಿಯೂ ಬೀಳುತ್ತೆ.

ಕಡಿತ ಮಾಡಬಾರದ ಖರ್ಚು

ಮಿತವ್ಯಯ ಬೇರೆ, ಜಿಪುಣತನ ಬೇರೆ. ಮಕ್ಕಳ ಹಾಲು, ಮೊಟ್ಟೆ, ಕಾಳು-ಸೊಪ್ಪಿನಲ್ಲಿ ಉಳಿಸಿದ ದುಡ್ಡು ಆಸ್ಪತ್ರೆಗೆ ಹೋಗುತ್ತೆ. ಹಾಲನ್ನೆಲ್ಲ ಡೇರಿಗೆ ಅಳೆದು ಮಕ್ಕಳಿಗೆ ಬರೀ ಟೀ ಕೊಡುವ ಮನೆಗಳನ್ನು ನೋಡಿದ್ದೇವೆ. ಇದು ಉಳಿತಾಯ ಅಲ್ಲ, ಬಿತ್ತನೆ ಬೀಜವನ್ನೇ ಮಾರಿದ ಹಾಗೆ. ಮೊದಲು ಮಕ್ಕಳ ಲೋಟ, ಆಮೇಲೆ ಡೇರಿಯ ಕ್ಯಾನು.

ಹಾಗೆಯೇ ಮನೆಯಲ್ಲಿ ಖರ್ಚು ಕಡಿಮೆ ಮಾಡುವಾಗ ಹೆಣ್ಮಕ್ಕಳ ತಟ್ಟೆಯಿಂದಲೇ ಶುರು ಮಾಡುವ ಕೆಟ್ಟ ರೂಢಿ ಇದೆ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದು ತಾಯಿಗೆ. ಎದೆಹಾಲು ಕುಡಿಸುವ ತಾಯಿ ಅರೆಹೊಟ್ಟೆ ಉಂಡರೆ ಮಗುವಿಗೂ ಅರೆಹೊಟ್ಟೆ. ಗಂಡಸರು ಇದನ್ನು ಗಮನಿಸಬೇಕು. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ 2 ಸಾವಿರ ರೂಪಾಯಿ ಮನೆಯೊಡತಿಯ ಖಾತೆಗೆ ಬರುವ ದುಡ್ಡು. ಅದಕ್ಕೆ ಗಂಡಸರು ಕೈ ಹಾಕಬಾರದು. ತಾಯಂದಿರೂ ಅಷ್ಟೆ, ಅದು ಬಂದೇ ಬರುತ್ತೆ ಅಂತ ನಂಬಿ ಕಂತಿನ ಸಾಲ ಮಾಡಬೇಡಿ. ಬಂದಾಗ ಒಂದು ಪಾಲನ್ನಾದರೂ ಉಳಿತಾಯಕ್ಕೆ ಹಾಕಿ.

ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಇವೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿದೆ. ಮೊಟ್ಟೆ, ಅದು ತಿನ್ನದವರಿಗೆ ಬಾಳೆಹಣ್ಣು ಇದೆ. ಆರನೇ ಕ್ಲಾಸಿನಿಂದ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ಪ್ರವೇಶ ಪರೀಕ್ಷೆ ಬರೆಸಬಹುದು. ವ್ಯಾನು, ಟೈ, ಬೂಟು ನೋಡಿ ಸಾಲ ಮಾಡಿ ಎಲ್ಕೇಜಿಗೆ ಹಾಕುವ ಮೊದಲು ಊರಿನ ಶಾಲೆಯ ಮೇಷ್ಟ್ರನ್ನು ಒಂದು ಸಲ ಮಾತಾಡಿಸಿ. ಮುಂದೆ ಕಾಲೇಜಿಗೆ ದುಡ್ಡು ಬೇಕಾದಾಗ ಕೈ ಬರಿದಾಗಿರಬಾರದು. ನಮ್ಮ ದಾವಣಗೆರೆಯೇ ಕಾಲೇಜುಗಳ ಊರು. ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು 1951ರಲ್ಲೇ ಆರಂಭವಾಯಿತು. ಬಾಗಿಲಲ್ಲೇ ಇಷ್ಟು ಕಾಲೇಜು ಇಟ್ಟುಕೊಂಡು ದುಡ್ಡಿಲ್ಲದೆ ಮಕ್ಕಳು ಪಿಯುಸಿಗೇ ನಿಂತರೆ ಅದಕ್ಕಿಂತ ನೋವಿನ ಸಂಗತಿ ಬೇರೆ ಇಲ್ಲ.

ಆರೋಗ್ಯಕ್ಕೆ ಸಂಬಂಧಿಸಿದಂತೆ ಯಶಸ್ವಿನಿ ಯೋಜನೆ ಸಹಕಾರಿಗಳ ಸೊತ್ತು. 2003ರಲ್ಲಿ ಜಾರಿಗೆ ಬಂದಾಗ ಒಬ್ಬರಿಗೆ ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ ವಂತಿಗೆ ಇತ್ತು. 2018ರಲ್ಲಿ ನಿಂತುಹೋಗಿ, 2022ರಲ್ಲಿ ಮತ್ತೆ ಶುರುವಾಯಿತು. ಹಾಗೆ ಮತ್ತೆ ಶುರುವಾದಾಗ ಗ್ರಾಮೀಣ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ ಎಂದು ನಿಗದಿಯಾಯಿತು. ನೋಂದಣಿ ಅವಧಿಯಲ್ಲಿ ಸಂಘಕ್ಕೆ ಬಂದು ತಪ್ಪದೆ ಹೆಸರು ಬರೆಸಿ. ಒಂದು ಆಪರೇಷನ್ ಹತ್ತು ವರ್ಷದ ಉಳಿತಾಯ ನುಂಗುತ್ತದೆ.

ಇಟ್ಟ ದುಡ್ಡು ಎಲ್ಲಿಡಬೇಕು?

ಮನೆಯ ಡಬ್ಬದಲ್ಲಿ ಇಟ್ಟರೆ ಖರ್ಚಾಗುತ್ತೆ. ಗುರುತು-ಪರಿಚಯ ಇಲ್ಲದವರ ಚೀಟಿಗೆ ಹಾಕಿದರೆ ಚೀಟಿ ನಡೆಸುವವನೇ ಊರು ಬಿಡಬಹುದು. ಮೂರು ಭಾಗ ಮಾಡಿ ಇಡಿ ಅನ್ನುತ್ತೇವೆ. ಒಂದು, ದಿಢೀರ್ ಕಷ್ಟಕ್ಕೆ, ಬೇಕಾದಾಗ ಸಿಗುವಂತೆ ಉಳಿತಾಯ ಖಾತೆಯಲ್ಲಿ. ಎರಡು, ಗೊತ್ತಿರುವ ಖರ್ಚಿಗೆ, ಹಬ್ಬ, ಫೀಜು, ಬೀಜ-ಗೊಬ್ಬರಕ್ಕೆ, ತಿಂಗಳ ಕಂತಿನ ಠೇವಣಿಯಲ್ಲಿ. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೂ ಆರ್.ಡಿ. ಶುರು ಮಾಡಬಹುದು. ಮೂರು, ಮಕ್ಕಳ ಭವಿಷ್ಯಕ್ಕೆ, ಮುಟ್ಟಬಾರದ ಹಗೇವು.

ಹತ್ತು ವರ್ಷದೊಳಗಿನ ಹೆಣ್ಣು ಮಗುವಿದ್ದರೆ 2015ರಲ್ಲಿ ಶುರುವಾದ ಸುಕನ್ಯಾ ಸಮೃದ್ಧಿ ಖಾತೆ ಇದೆ. ವರ್ಷಕ್ಕೆ ಕನಿಷ್ಠ 250 ರೂಪಾಯಿ. ಹದಿನೈದು ವರ್ಷ ಕಟ್ಟಬೇಕು, ಇಪ್ಪತ್ತೊಂದು ವರ್ಷಕ್ಕೆ ಖಾತೆ ಮುಗಿಯುತ್ತೆ, ಹದಿನೆಂಟು ತುಂಬಿದ ಮೇಲೆ ಓದಿಗೆ ಅರ್ಧದವರೆಗೆ ತೆಗೆಯಬಹುದು. ತಿಂಗಳಿಗೆ 500 ಕಟ್ಟಿದರೆ ನಮ್ಮ ಕೈಯಿಂದ ಹೋಗುವುದು 90 ಸಾವಿರ. ಬಡ್ಡಿ ದರವನ್ನು ಸರ್ಕಾರ ಆಗಾಗ ಬದಲಿಸುತ್ತೆ. 2024ರ ಜನವರಿಯಲ್ಲಿ ನಿಗದಿಯಾದ ನೂರಕ್ಕೆ 8.2ರ ದರವೇ ಕೊನೆತನಕ ಇದ್ದರೆ ಆ ದುಡ್ಡು ಎರಡೂವರೆ ಲಕ್ಷ ದಾಟುತ್ತೆ. ಅದು ಮಗಳ ಓದಿಗೆ. ವರದಕ್ಷಿಣೆಗೆ ಅಂತ ಯಾರೂ ಇಡಬೇಡಿ.

ಇನ್ನು ನಮ್ಮ ಸಂಘದ ಠೇವಣಿ. ನಿರ್ದೇಶಕರಾಗಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಬ್ಯಾಂಕಿನಲ್ಲಿಟ್ಟ ಠೇವಣಿಗೆ 2020ರಿಂದ 5 ಲಕ್ಷದವರೆಗೆ ವಿಮೆ ಇದೆ. ನಮ್ಮಂಥ ಪ್ರಾಥಮಿಕ ಸಹಕಾರ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಇಲ್ಲಿನ ಭದ್ರತೆ ಅಂದರೆ ಸಾಲ ಪಡೆದವರು ವಾಪಸ್ ಕಟ್ಟುವುದು, ಲೆಕ್ಕ ನೆಟ್ಟಗಿರುವುದು, ಸದಸ್ಯರು ಕಣ್ಣಿಟ್ಟಿರುವುದು. ಆದ್ದರಿಂದ ನಮ್ಮ ಮುಖ ನೋಡಿ ನಂಬಬೇಡಿ, ಲೆಕ್ಕ ನೋಡಿ ನಂಬಿ. ಮಹಾಸಭೆಗೆ ಬನ್ನಿ. ಊಟದ ಹೊತ್ತಿಗೆ ಬರುವುದಲ್ಲ, ಲೆಕ್ಕ ಓದುವ ಹೊತ್ತಿಗೆ ಬನ್ನಿ. ಆಡಿಟ್ ವರದಿ ಕೇಳಿ, ಸುಸ್ತಿ ಎಷ್ಟಿದೆ ಕೇಳಿ. ದುಡ್ಡು ಕಟ್ಟಿದ ಕೂಡಲೇ ರಸೀದಿ ಕೇಳಿ. ಕೇಳುವ ಸದಸ್ಯರಿರುವ ಸಂಘ ಕೆಡುವುದಿಲ್ಲ.

"ಬೆಲೆ ಇಲ್ಲದ ಬೆಳೆಗೆ ಉಳಿತಾಯ ಎಲ್ಲಿಂದ?"

ಕೆಲವರ ಮನಸ್ಸಿನಲ್ಲಿ ಈ ಪ್ರಶ್ನೆ ಇದೆ, ಗೊತ್ತು. ಮೆಕ್ಕೆಜೋಳದ ರೇಟು ಬಿದ್ದಾಗ, ನಾಲೆಗೆ ನೀರು ಬಾರದಾಗ, ಎಷ್ಟು ಬಿಗಿ ಹಿಡಿದರೂ ಸಾಲದು ಅನ್ನೋದು ಸತ್ಯ. ರೈತನ ಬಡತನಕ್ಕೆಲ್ಲ ರೈತನ ದುಂದುವೆಚ್ಚವೇ ಕಾರಣ ಅನ್ನುವವರ ಮಾತನ್ನು ನಾವು ಒಪ್ಪೋದಿಲ್ಲ. ಬೆಲೆಗಾಗಿ, ನೀರಿಗಾಗಿ ಹೋರಾಟ ಮಾಡಲೇಬೇಕು. ಆದರೆ ಹೋರಾಟಕ್ಕೆ ಹೋಗುವವನ ಮನೆಯಲ್ಲೂ ಒಲೆ ಉರಿಯಬೇಕು. ಕೈಯಲ್ಲಿ ಎರಡು ತಿಂಗಳ ದುಡ್ಡಿದ್ದ ರೈತ ರೇಟು ಬರುವತನಕ ಚೀಲ ಇಟ್ಟುಕೊಳ್ಳಬಲ್ಲ. ಇಲ್ಲದವನು ಕಣದಲ್ಲೇ ಮಾರುತ್ತಾನೆ. ಉಳಿತಾಯ ಅಂದರೆ ಕಾಯುವ ಶಕ್ತಿ.

ಸಂಬಳದವರಿಗೂ ಇದು ತಪ್ಪಿದ್ದಲ್ಲ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತು ದಾವಣಗೆರೆ. ಆ ಗಿರಣಿಗಳ ಕಾಲ ಮುಗಿಯಿತು. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ದೇಶದಲ್ಲೇ ಹೆಸರಾಗಿತ್ತು. ಅದೂ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಸೈರನ್ ಕೂಗು ನಿಂತ ದಿನ ಕೂಡಿಟ್ಟವರ ಮನೆಗೂ ಕೂಡಿಡದವರ ಮನೆಗೂ ಇದ್ದ ಅಂತರವನ್ನು ಹರಿಹರದ ಹಿರಿಯರು ಬಲ್ಲರು.

ಒಬ್ಬರೇ ಉಳಿಸಿದರೆ ಕೊಡ, ಊರೇ ಉಳಿಸಿದರೆ ಕೆರೆ. ಜರ್ಮನಿಯಲ್ಲಿ ರೈಫೈಸನ್ ಎಂಬ ಮಹನೀಯರು ಬರದಲ್ಲಿ ನರಳುವ ರೈತರಿಗೆ ಮೊದಲು ಸಿರಿವಂತರ ದಾನದಿಂದ ನೆರವು ಕೊಡಿಸಿದರು. ದಾನ ಬಹಳ ದಿನ ನಡೆಯದೆಂದು ಕಂಡು 1864ರಲ್ಲಿ ರೈತರದೇ ಸಾಲ ಸಂಘ ಕಟ್ಟಿದರು. ನಮ್ಮ ದೇಶದಲ್ಲಿ 1904ರಲ್ಲಿ ಸಹಕಾರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪಿಸಿದರು. ಅದೂ ನಮ್ಮ ಹಾಗೆ ಒಂದು ಹಳ್ಳಿ. ಆ ಹಳ್ಳಿಯ ಬೀಜವೇ ನಮ್ಮೂರಿನ ಈ ಸಂಘ.

ಮಕ್ಕಳ ಮುಂದೆ ದುಡ್ಡಿನ ಮಾತು

ಮಕ್ಕಳ ಮುಂದೆ ಕಷ್ಟ ಹೇಳಬಾರದು ಅಂತ ಕೆಲವರು ಮುಚ್ಚಿಡುತ್ತಾರೆ. ಹೆದರಿಸಬಾರದು ನಿಜ, ಆದರೆ ತಿಳಿಸಬೇಕು. "ದುಡ್ಡಿಲ್ಲ, ಹೋಗು" ಅಂತ ಗದರುವ ಬದಲು "ಈ ತಿಂಗಳು ಬೀಜಕ್ಕೆ ಬೇಕು ಮಗಾ, ಸೈಕಲ್ಲಿಗೆ ದೀಪಾವಳಿವರೆಗೆ ಕೂಡಿಡೋಣ" ಅಂದರೆ ಮಗು ಕಾಯೋದು ಕಲಿಯುತ್ತೆ. ಒಂದು ಮಣ್ಣಿನ ಗೋಲಕ ತಂದುಕೊಡಿ. ನೆಂಟರು ಕೊಟ್ಟ ಹತ್ತು-ಇಪ್ಪತ್ತು ಅದರಲ್ಲಿ ಬೀಳಲಿ. ತುಂಬಿದಾಗ ಮಗುವನ್ನೇ ಕರೆದುಕೊಂಡು ಸಂಘಕ್ಕೆ ಬನ್ನಿ, ಅದರ ಕೈಯಿಂದಲೇ ಕಟ್ಟಿಸಿ, ಪಾಸ್ ಪುಸ್ತಕ ಅದರ ಕೈಗೇ ಕೊಡೋಣ. ಒಂದೇ ಒಂದು ಕರಾರು: ಮಗುವಿನ ಗೋಲಕವನ್ನು ಅಪ್ಪ-ಅವ್ವ ಒಡೆಯಬಾರದು. ಒಮ್ಮೆ ಒಡೆದರೆ ಆ ಮಗು ಮುಂದೆ ಯಾವತ್ತೂ ಕೂಡಿಡೋದಿಲ್ಲ.

ಬಾಂಧವರೇ, ಮಾತು ಉದ್ದವಾಯಿತು. ತಮ್ಮಲ್ಲಿ ಮೂರು ವಿನಂತಿ. ಇವತ್ತು ರಾತ್ರಿಯೇ ಪ್ರತಿ ಮನೆಯಲ್ಲಿ ಲೆಕ್ಕದ ಪುಸ್ತಕ ಶುರುವಾಗಲಿ. ಈ ಸುಗ್ಗಿಯ ದುಡ್ಡಿನಲ್ಲಿ ಹತ್ತನೇ ಒಂದು ಪಾಲು ಮಕ್ಕಳ ಹೆಸರಿಗೆ ಮೊದಲು ಹೋಗಲಿ. ಮನೆಯಲ್ಲಿರುವ ಎಲ್ಲಾ ಸಾಲಗಳೂ ಒಂದು ಹಾಳೆಯ ಮೇಲೆ ಬಂದು, ಗಂಡ-ಹೆಂಡತಿ ಇಬ್ಬರಿಗೂ ತಿಳಿಯಲಿ.

ನಿಮಗೆ ಹೇಳಿ ನಾವು ಸುಮ್ಮನಿರುವುದು ಸರಿಯಲ್ಲ. ಆಡಳಿತ ಮಂಡಳಿಯ ಪರವಾಗಿ ಒಂದು ಮಾತು ಕೊಡುತ್ತೇವೆ: ಈ ಬೆಳ್ಳಿಹಬ್ಬದ ಪೆಂಡಾಲು, ಊಟ, ಹಾರ, ಸ್ಮರಣ ಸಂಚಿಕೆಯ ಅಚ್ಚು, ಎಲ್ಲದರ ಖರ್ಚನ್ನೂ ಪೈಸೆ ಸಮೇತ ಬರೆದು ಸಂಘದ ಬಾಗಿಲ ಪಕ್ಕದ ಗೋಡೆಗೆ ಅಂಟಿಸುತ್ತೇವೆ. ಓದಿ, ತಪ್ಪಿದ್ದರೆ ಒಳಗೆ ಬಂದು ಕೇಳಿ.



ಜೈ ಸಹಕಾರ.